ಬರಾದ್ ಬ್ಯಾಡ ಅಂದ ಮಾತು

ಪಿರಿಯಾಪಟ್ಟಣದಲ್ಲಿ ನಾನಿರುವ ಬಾಡಿಗೆ ಮನೆಗೂ ಪಕ್ಕದ ಮನೆಗೂ ಇರುವುದು ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನನಗೆ ಸೀನು ಬರುತ್ತದೆ. ಅವತ್ತು ಸಂಜೆ ಶಾಲೆ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ ಆ ಗೋಡೆಯ ಆಚೆಯಿಂದ ಯಾರೋ ಬಿಕ್ಕುವುದು ಕೇಳಿಸಿತು. ಸೀರೆ ಸೆರಗಿನಲ್ಲೇ ಕೈ ಒರೆಸಿಕೊಂಡು ಓಡಿದೆ.

ಪಕ್ಕದ ಮನೆಯಾಕೆಯನ್ನು ನಾನು ಅಕ್ಕ ಅನ್ನುತ್ತೇನೆ. ಐವತ್ತರ ಹತ್ತಿರ ಹತ್ತಿರದ ಗಟ್ಟಿ ಹೆಂಗಸು. ಗಂಡ ಟ್ರ್ಯಾಕ್ಟರ್ ಓಡಿಸುತ್ತಾರೆ. ಹೊಗೆಸೊಪ್ಪಿನ ಕಾಲ ಬಂತೆಂದರೆ ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅಕ್ಕ ಬೈಲಕುಪ್ಪೆಯ ಒಂದು ಗೆಸ್ಟ್ ಹೌಸಿನಲ್ಲಿ ಕೋಣೆ ಗುಡಿಸಿ, ಒರೆಸಿ, ಹಾಸಿಗೆ ಸರಿಮಾಡುವ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಹೊರದೇಶದ ಮುದುಕಿಯೊಬ್ಬರು ತಿಂಗಳುಗಟ್ಟಲೆ ಉಳಿದುಕೊಂಡಿದ್ದರು. ಬೆಳಗ್ಗೆ ಎದ್ದು ಅಲ್ಲಿನ ಬೌದ್ಧ ಮಠಕ್ಕೆ ಹೋಗಿ ಧ್ಯಾನಕ್ಕೆ ಕೂರುವುದು, ಬಂದು ಪುಸ್ತಕ ಓದುವುದು, ಇಷ್ಟೇ ಅವರ ದಿನಚರಿ. ಅಕ್ಕ ಅವರನ್ನು ಬಿಳೀ ಅಜ್ಜಿ ಅನ್ನುತ್ತಿದ್ದರು. ಅಜ್ಜಿಯ ಕೋಣೆಯ ಉಸ್ತುವಾರಿ ಪೂರಾ ಅಕ್ಕನದೇ.

ನಾನು ಹೋದಾಗ ಅಕ್ಕ ಅಡುಗೆಮನೆ ಹೊಸ್ತಿಲ ಮೇಲೆ ಕೂತಿದ್ದರು.

"ಏನಾಯ್ತಕ್ಕಾ?"

"ಕೆಲ್ಸ ಹೋಯ್ತು ಕಣ್ ಮೇಡಮ್ಮೋರೆ. ನಾಳಿಂದ ಬರಬ್ಯಾಡ ಅಂದ್ಬುಟ್ರು ಅಜ್ಜಿ. ನಾನೇನ್ ತಪ್ಪು ಮಾಡ್ದೆ ಅಂತ್ಲೇ ಗೊತ್ತಾಯ್ತಿಲ್ಲ."

"ಇಂಗ್ಲಿಷಲ್ಲಿ ಏನಂದ್ರು? ಅವರು ಅಂದ ಮಾತನ್ನೇ ಹೇಳಿ ನೋಡೋಣ."

"ಡೋಂಟು ಅಂದ್ರು. ಕಮ್ಮು ಅಂದ್ರು. ಟುಮಾರೋ ಅಂದ್ರು. ಮೂರೂ ನಂಗೊತ್ತು. ಇನ್ನೇನ್ ಬೇಕು?"

"ಡೋಂಟಿಗೂ ಕಮ್ಮಿಗೂ ನಡುವೆ ಇನ್ನೇನಾದ್ರೂ ಇತ್ತಾ?"

ಅಕ್ಕ ಮೂಗು ಒರೆಸಿಕೊಂಡು ನೆನಪು ಮಾಡಿಕೊಂಡರು. "ಅದೇನೋ ಅವ್ಟು ಅಂದಂಗಾಯ್ತು."

"ಹ್ಯಾವ್ ಟು?"

"ಊಂ, ಅದೇಯ."

ನನಗೆ ನಗು ಬಂದುಬಿಟ್ಟಿತು. ಅಕ್ಕ ಗುರಾಯಿಸಿದರು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದು ಅಳಿಸಿದ ಪಾಠ ಅದು. ಆದರೆ ಯಾವ ಮಗುವೂ ಆ ಪಾಠಕ್ಕೆ ಕಣ್ಣೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅವರ ಪಕ್ಕದಲ್ಲೇ ಕೂತು ಹೇಳಿದೆ. "ಡೋಂಟ್ ಕಮ್ ಅಂದ್ರೆ ಬರಬೇಡ. ಡೋಂಟ್ ಹ್ಯಾವ್ ಟು ಕಮ್ ಅಂದ್ರೆ ಬರಲೇಬೇಕು ಅಂತೇನಿಲ್ಲ. ಬಂದ್ರೂ ಸರಿ, ಬರದಿದ್ರೂ ಸರಿ. ನಾಳೆ ಒಂದಿನ ಸುಧಾರಿಸ್ಕೊಳ್ಳಿ ಅಂದಿದ್ದಾರೆ ಅಷ್ಟೇ. ಕೆಲಸ ಎಲ್ಲೂ ಹೋಗಿಲ್ಲ."

ಅಕ್ಕ ನಂಬಲಿಲ್ಲ. ಮಾರನೇ ದಿನ ಮಾಮೂಲಿ ಹೊತ್ತಿಗೇ ಬೈಲಕುಪ್ಪೆಗೆ ಹೊರಟರು. ಸಂಜೆ ಬಂದವರು ನೇರ ನನ್ನ ಮನೆಗೇ ಬಂದರು, ಮುಖದ ತುಂಬ ನಗು. ಬಾಗಿಲಲ್ಲಿ ಅಕ್ಕನನ್ನು ನೋಡಿ ಅಜ್ಜಿ ಹಣೆ ಚಚ್ಚಿಕೊಂಡರಂತೆ. ಹಿಂದಿನ ದಿನ ಅಕ್ಕ ಕೆಮ್ಮುತ್ತಿದ್ದುದನ್ನು ಕಂಡು ಬಿಡುವು ಕೊಟ್ಟಿದ್ದಂತೆ ಅವರು. ಪೊರಕೆ ಕಿತ್ತಿಟ್ಟು, ಕುರ್ಚಿ ಮೇಲೆ ಕೂರಿಸಿ, ತಾವೇ ಟೀ ಮಾಡಿ ಕೊಟ್ಟರಂತೆ. "ಸಪ್ಪೆ ಟೀ ಕಣ್ ಮೇಡಮ್ಮೋರೆ, ಹಾಲೂ ಇಲ್ಲ ಗೀಲೂ ಇಲ್ಲ. ಆದ್ರೂ ಕುಡುದ್ಬುಟ್ಟೆ" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಈ ಬ್ಯಾಡ, ಆಗಲ್ಲ, ಕೂಡದು ಇವನ್ನೆಲ್ಲ ನಂಗೊಸಿ ಹೇಳ್ಕೊಟ್ಬುಡಿ. ಬೇಕು ಅನ್ನೋದು ಹೆಂಗೋ ತಿಳೀತದೆ. ಬ್ಯಾಡ ಅನ್ನೋದು ತಿಳೀದಿದ್ರೆ ಕಷ್ಟ" ಅಂದರು.

ಹಾಗೆ ಶುರುವಾಯಿತು ನಮ್ಮ ಪಾಠ. ಸಂಜೆ ಅವರ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಅವರು ಸೊಪ್ಪು ಬಿಡಿಸುತ್ತಿದ್ದರು, ಇಲ್ಲ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಶಾಲೆಯ ಪುಸ್ತಕ ಮುಚ್ಚಿಟ್ಟು ಅವರ ದಿನದೊಳಗಿಂದಲೇ ವಾಕ್ಯ ಹುಡುಕುತ್ತಿದ್ದೆ. ಗ್ಯಾಸ್ ಸಿಲಿಂಡರ್ ಒಬ್ಬರೇ ಎತ್ತಬೇಕಾಗಿ ಬಂದರೆ, ಐ ಕ್ಯಾಂಟ್ ಲಿಫ್ಟ್ ಇಟ್. ಅಜ್ಜಿ ಕಾದ ಹಂಡೆಗೆ ಕೈ ಹಾಕಲು ಹೋದರೆ, ಯು ಮಸ್ಟ್ ನಾಟ್ ಟಚ್. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಹೊರಟರೆ, ಯು ನೀಡ್ ನಾಟ್ ವಾಶ್. ಖಾರ ಜಾಸ್ತಿ ಇದೆ, ನಿಮಗೆ ಆಗಿಬರಲ್ಲ ಅಂತ ಬುದ್ಧಿ ಹೇಳಬೇಕಾದರೆ, ಯು ಶುಡ್ ನಾಟ್ ಈಟ್.

ಅಕ್ಕನಿಗೆ ತುಂಬ ಹಿಡಿಸಿದ್ದು ವೋಂಟ್, ಅಂದರೆ ಒಪ್ಪಲ್ಲ. ಕೋಣೆಯ ಬೀಗ ಹಟ ಹಿಡಿದರೂ ಅದೇ ಮಾತು, ಇಟ್ ವೋಂಟ್ ಓಪನ್, ಎಂದು ನಾನು ಅಂದಾಗ ಅವರಿಗೆ ಖುಷಿಯೋ ಖುಷಿ. "ನಮ್ಮಲ್ಲೂ ಅಂಗೇ ಅಲ್ವರಾ? ಹಾಳಾದ್ ಟ್ರ್ಯಾಕ್ಟ್ರು ಸ್ಟಾರ್ಟ್ ಆಗಾಕೆ ಒಪ್ತಾ ಇಲ್ಲ ಅಂತಾರೆ ನಮ್ಮೋರು!" ಒಳಗಿಂದ ಅವರ ಗಂಡ, "ಟ್ರ್ಯಾಕ್ಟ್ರು ಸುದ್ದಿಗ್ ಬರಬ್ಯಾಡ ಕಣೇ" ಎಂದು ಕೂಗಿದರು. ಅದು ಮಸ್ಟ್ ನಾಟ್ ಎಂದು ನಾವಿಬ್ಬರೂ ತೀರ್ಮಾನ ಮಾಡಿದೆವು.

ಪಾಠ ಹೇಳುತ್ತ ನನಗೂ ನಮ್ಮ ಊರು ನೆನಪಾಗುತ್ತಿತ್ತು. ನಮ್ಮದು ಚುಂಚನಕಟ್ಟೆ ಹತ್ತಿರದ ಹಳ್ಳಿ, ಕೆ.ಆರ್.ನಗರ ತಾಲ್ಲೂಕು, ಭತ್ತ ಬೆಳೆಯುವ ಸೀಮೆ. ಬಂದ ನೆಂಟರು ಕಾಫಿ ಬೇಡ ಅಂದರೆ ನಮ್ಮವ್ವ ಒಲೆ ಹಚ್ಚುತ್ತಿದ್ದಳು. ಗಟ್ಟಿಯಾಗಿ ಬೇಡವೇ ಬೇಡ ಅಂದರೆ ಬೆಲ್ಲವನ್ನು ಒಂದು ಹಿಡಿ ಜಾಸ್ತಿ ಹಾಕುತ್ತಿದ್ದಳು. ಯಾರ ಬೇಡ ನಿಜದ ಬೇಡ, ಯಾರದು ಸಂಕೋಚದ ಬೇಡ ಅನ್ನುವುದು ಅವಳಿಗೆ ದನಿಯಲ್ಲೇ ಗೊತ್ತಾಗುತ್ತಿತ್ತು. ಆ ಕಿವಿ ನನಗೆ ಬಂದಿಲ್ಲ. ನಾನು ಬೋರ್ಡಿನ ಮೇಲೆ ಬರೆದರೆ ಮಾತ್ರ ತಿಳಿಯುವ ಪೈಕಿ.

ಒಂದು ಸಂಜೆ ಕುಡ್ ನಾಟ್ ಹೇಳಿಕೊಡುತ್ತಿದ್ದೆ. "ಐ ಡಿಡ್ ನಾಟ್ ಗೋ ಅಂದ್ರೆ ನಾನು ಹೋಗಲಿಲ್ಲ. ಐ ಕುಡ್ ನಾಟ್ ಗೋ ಅಂದ್ರೆ ಹೋಗೋಕೆ ಆಗಲಿಲ್ಲ. ಎರಡೂ ಬೇರೆ ಬೇರೆ."

ಅಕ್ಕ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. "ಹೋಗಾಕೆ ಬುಡಲಿಲ್ಲ ಅಂದ್ರೆ?"

"ಯಾರು ಬಿಡಲಿಲ್ಲ?"

"ನಮ್ಮಣ್ಣ" ಅಂದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೇಳಿದರು.

ಅಕ್ಕನ ತವರು ಎಚ್.ಡಿ.ಕೋಟೆ ಕಡೆಯ ಒಂದು ಹಳ್ಳಿ. ಅಪ್ಪ ಬೇಗ ತೀರಿಕೊಂಡು, ಅಣ್ಣನೇ ಸಾಕಿದ್ದು. ಹರೆಯದಲ್ಲಿ ಊರ ಹೆಂಗಸರ ಜೊತೆ ಹೊಗೆಸೊಪ್ಪಿನ ಕೆಲಸಕ್ಕೆಂದು ಪಿರಿಯಾಪಟ್ಟಣದ ಕಡೆ ಬಂದಾಗ ಈ ಟ್ರ್ಯಾಕ್ಟರ್ ಓಡಿಸುವವರ ಪರಿಚಯವಾಯಿತು. ಇವರನ್ನೇ ಮದುವೆಯಾಗುತ್ತೇನೆ ಅಂದಾಗ ಅಣ್ಣ ಬೇಡ ಅಂದರು. ಅಕ್ಕ ಕೇಳಲಿಲ್ಲ. ಕೆಲವು ವರ್ಷ ಮಾತಿರಲಿಲ್ಲ. ಅವ್ವ ತೀರಿಕೊಂಡಾಗ ಮಣ್ಣಿಗೆ ಹೋದರು, ಅಲ್ಲಿಂದ ಅಣ್ಣ ತಂಗಿ ನಡುವೆ ಮತ್ತೆ ಮಾತು ಹುಟ್ಟಿತು. ಹಬ್ಬಕ್ಕೆ ಒಂದು ಫೋನು, ಕಾಯಿಲೆಗೆ ಒಂದು ಫೋನು. ಹೀಗಿರುವಾಗ ಅಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಆ ಹೊತ್ತಿಗೆ ಸರಿಯಾಗಿ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಆದರೂ ಸೋದರತ್ತೆ ಅಲ್ಲವೇ, ಹೇಗಾದರೂ ಮಾಡಿ ಹೋಗುವುದೇ ಅಂತ ಸೀರೆ ತೆಗೆದಿಟ್ಟುಕೊಂಡಿದ್ದರು. ಮದುವೆಗೆ ನಾಲ್ಕು ದಿನ ಇದೆ ಅನ್ನುವಾಗ ಅಣ್ಣ ಫೋನು ಮಾಡಿ, "ನೀನು ಬರಾದ್ ಬ್ಯಾಡ ಕಣವ್ವ" ಅಂದರು. ಅಷ್ಟೇ. ಹಿಂದೆ ಗದ್ದಲವಿತ್ತು, ಫೋನು ಕಟ್ಟಾಯಿತು.

ಅಕ್ಕ ಹೋಗಲಿಲ್ಲ. ಆಮೇಲೆ ಅಣ್ಣನೂ ಫೋನು ಮಾಡಲಿಲ್ಲ, ಅಕ್ಕನೂ ಮಾಡಲಿಲ್ಲ. ಆ ಮದುವೆಯಾಗಿ ಎರಡು ವರ್ಷದ ಮೇಲಾಗಿತ್ತು.

"ಇಷ್ಟ್ ದಿನ ಒಂದೇ ಬ್ಯಾಡ ಅಂದ್ಕಂಡಿದ್ದೆ" ಅಂದರು ಅಕ್ಕ. "ಈಗ ನೀವು ಎರಡ್ ಬ್ಯಾಡ ಹೇಳ್ಕೊಟ್ರಿ. ನಮ್ಮಣ್ಣ ಅಂದದ್ದು ಯಾವುದು ಹೇಳಿ ಮೇಡಮ್ಮೋರೆ? ಮಸ್ಟ್ ನಾಟಾ, ನೀಡ್ ನಾಟಾ?"

ಮಕ್ಕಳಾಗಿದ್ದರೆ ಹಿಂದುಮುಂದಿನ ವಾಕ್ಯ ನೋಡಿ ಅರ್ಥ ಮಾಡಿಕೊಳ್ಳಿ ಅನ್ನುತ್ತಿದ್ದೆ. ಇಲ್ಲಿ ಹಿಂದೆ ಒಂದು ಮುರಿದ ಮನಸ್ಸಿತ್ತು, ಮುಂದೆ ಒಂದು ಕಟ್ಟಾದ ಫೋನಿತ್ತು. "ಕೆಟ್ಟದಾಗಿ ಅಂದಿರಲಾರರು" ಅನ್ನಲು ಹೊರಟು, ಅಷ್ಟು ಗಟ್ಟಿಯಾಗಿ ಹೇಳಲು ನನಗೇನು ಹಕ್ಕು ಅನ್ನಿಸಿ, "ಅಂದಿರಲಿಕ್ಕಿಲ್ಲ" ಅಂದೆ. ಅಕ್ಕ ತಲೆ ಬಗ್ಗಿಸಿ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು. "ಅವರನ್ನೇ ಕೇಳಿಬಿಡಿ. ಫೋನ್ ಮಾಡಿ" ಅಂದೆ.

"ಫೋನಲ್ಲಿ ಮಕ ಕಾಣಕಿಲ್ಲ. ಆಗ್ಲೂ ಕಾಣದೇ ಇದ್ದದ್ದಕ್ಕೇ ಇಂಗಾಗಿದ್ದು."

ಬಾಗಿಲಲ್ಲಿ ನಿಂತಿದ್ದ ಅವರ ಗಂಡ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. "ಹೋಗ್ಬುಟ್ಟು ಬಾರೇ ಅತ್ಲಾಗೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನ್ ಜೊತೆಗೆ ಹೋದ್ರೆ ಮಾತು ಇನ್ನೆಲ್ಲಿಗೋ ತಿರುಗ್ತದೆ ಮೇಡಂ. ನೀವೊಸಿ ಹೋಗ್ಬನ್ನಿ ಇವಳ ಜತೇಲಿ" ಅಂದರು. ಹೆಂಡತಿಯ ತವರಿನ ವಿಷಯದಲ್ಲಿ ಆ ಮನುಷ್ಯ ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಹೊರಟೆವು. ಪಿರಿಯಾಪಟ್ಟಣದಿಂದ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೋಟೆಗೆ ಇನ್ನೊಂದು. ಆಧಾರ್ ಕಾರ್ಡ್ ತೋರಿಸಿ ಬಿಟ್ಟಿ ಟಿಕೆಟ್ ಇಸ್ಕೊಂಡು ಅಕ್ಕ ಕಿಟಕಿ ಪಕ್ಕ ಕೂತರು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು, ಖಾರಾಬೂಂದಿ, ಬ್ರೆಡ್ಡು ತಗೊಂಡರು. ಕೋಟೆಯಲ್ಲಿ ಇಳಿದು ಹಳ್ಳಿಗೆ ಹೋಗುವ ಆಟೋ ಹತ್ತಬೇಕು ಅನ್ನುವಾಗ ಕಾಲು ಎಳೆದರು.

"ಹೋಗಾದ್ ಬ್ಯಾಡ ಬನ್ನಿ ಮೇಡಮ್ಮೋರೆ. ವಾಪಸ್ ಹೋಗವ."

"ಇದು ಯಾವ ಬ್ಯಾಡ ಅಕ್ಕಾ?" ಅಂದೆ.

"ನೀವೊಂದ್ ಸುಮ್ಕಿರಿ" ಎಂದು ಗದರಿಸಿ ಆಟೋ ಹತ್ತಿದರು.

ಹತ್ತಿ ಬಿಡಿಸುವ ಕಾಲ ಅದು. ಅಣ್ಣನ ಮನೆಯ ಜಗಲಿಯ ಅರ್ಧ ಭಾಗ ಹತ್ತಿಯ ಗುಡ್ಡೆ. ಅದರ ಪಕ್ಕ ಕೂತು ಒಣಗಿದ ಎಲೆಚೂರನ್ನು ಆರಿಸುತ್ತಿದ್ದ ತೆಳ್ಳನೆಯ ಮನುಷ್ಯ ಆಟೋ ಸದ್ದಿಗೆ ತಲೆ ಎತ್ತಿದರು. ಎದ್ದು ನಿಂತರು. ಪಂಚೆಗೆ, ಮೀಸೆಗೆ, ಕಿವಿಯ ಕೂದಲಿಗೆಲ್ಲ ಹತ್ತಿ ಮೆತ್ತಿಕೊಂಡಿತ್ತು. ಅಕ್ಕ ಅಂಗಳದ ನಡುವೆ ಚೀಲ ಹಿಡಿದುಕೊಂಡು ನಿಂತುಬಿಟ್ಟರು.

ಕೊನೆಗೆ ಅಣ್ಣ ಕೇಳಿದರು, "ಬಸ್ಸು ಸಿಗ್ತಾ?"

"ಊಂ" ಅಂದರು ಅಕ್ಕ.

"ಒಳಿಕ್ ಬಾ. ಬಿಸ್ಲು."

ಒಳಗಿಂದ ಅತ್ತಿಗೆ ನೀರಿನ ಚೊಂಬು ಹಿಡಿದು ಬಂದರು. ಅಕ್ಕನನ್ನು ಕಂಡವರೇ ಚೊಂಬನ್ನು ನನ್ನ ಕೈಗೆ ಕೊಟ್ಟು, ಅಕ್ಕನನ್ನು ತಬ್ಬಿಕೊಂಡು ಅತ್ತರು. ನಾನು ಯಾರು ಅಂತ ಆಮೇಲೆ ಕೇಳಿದರು. ಅಣ್ಣನ ಮಗಳು ಬಾಣಂತನಕ್ಕೆ ಬಂದಿರುವ ವಿಷಯ ಅಕ್ಕನಿಗೆ ತಿಳಿದದ್ದು ಆಗಲೇ. ಒಳಕೋಣೆಯ ಕತ್ತಲಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಆ ಹುಡುಗಿ, "ಅತ್ತೇ" ಅಂತ ಕೂಗಿದಳು. ಅಕ್ಕ ಬಾಗಿಲ ತನಕ ಹೋಗಿ, ಹೊರಗಿನಿಂದ ಬಂದ ಮೈ ಅಂತ ಅಲ್ಲೇ ನಿಂತು, ಕೈಕಾಲು ತೊಳೆಯಲು ಬಚ್ಚಲಿಗೆ ಓಡಿದರು.

ಮುದ್ದೆ, ಬಸ್ಸಾರು ಉಂಡೆವು. ಉಣ್ಣುವಾಗ ಹತ್ತಿಯ ಮಾತು, ಮಳೆಯ ಮಾತು, ಕಾಡಿನಿಂದ ಬರುವ ಆನೆಯ ಮಾತು. ಅಕ್ಕ ಕೇಳುವುದಿಲ್ಲವೇನೋ ಅಂದುಕೊಂಡೆ. ಕೈ ತೊಳೆದು ಜಗಲಿಗೆ ಬಂದು ಕೂತಾಗ ಕೇಳಿಯೇಬಿಟ್ಟರು.

"ಅಣ್ಣ, ಮದ್ವೆಗೆ ಬರಾದ್ ಬ್ಯಾಡ ಅಂದ್ಯಲ್ಲ ನೀನು. ಯಾವ ಬ್ಯಾಡ ಅಂದೆ?"

"ಯಾವ ಬ್ಯಾಡ ಅಂದ್ರೆ? ಬ್ಯಾಡ ಅಂದ್ರೆ ಬ್ಯಾಡ ತಾನೆ?"

"ಎರಡವೆ. ಬರಕೂಡದು ಅನ್ನೋದು ಒಂದು. ಬರಲೇಬೇಕು ಅಂತೇನಿಲ್ಲ, ಕಷ್ಟ ಬೀಳಬ್ಯಾಡ ಅನ್ನೋದು ಇನ್ನೊಂದು."

ಅಣ್ಣ ನನ್ನ ಕಡೆ ನೋಡಿದರು, ತಂಗಿ ಲಾಯರನ್ನು ಕರಕೊಂಡು ಬಂದಿದ್ದಾಳೇನೋ ಅನ್ನುವ ಹಾಗೆ. ನಾನು ಬೇಲಿಯ ಕಡೆ ಮುಖ ತಿರುಗಿಸಿದೆ. ಅವರು ಒಂದು ಹತ್ತಿಯ ತೊಳೆ ಎತ್ತಿಕೊಂಡು ಅದರ ಬೀಜವನ್ನು ಬೆರಳಲ್ಲೇ ಒತ್ತಿ ತೆಗೆದರು.

"ಒಟ್ಟೆ ಕೊಯ್ಸ್ಕಂಡು ತಿಂಗ್ಳಾಗಿರ್ಲಿಲ್ಲ ನಿಂಗೆ. ಎರಡೆರಡು ಬಸ್ಸು ಹತ್ತಿ ಇಳಿದು, ಒಲಿಗೆ ಹಾಕಿದ್ದು ಬಿಚ್ಕಂಡ್ರೆ ಯಾರು ನೋಡೋರು ಅಂತ ಅಂದೆ" ಅಂದರು.

ಅಕ್ಕನ ಮುಖ ಸಡಿಲವಾಯಿತು. ಅಲ್ಲಿಗೆ ಮಾತು ಮುಗಿಯಬಹುದಿತ್ತು. ಆದರೆ ಅಣ್ಣ ಮುಂದುವರಿಸಿದರು. "ಅದೊಂದೇ ಅಂದ್ರೆ ಸುಳ್ಳಾಯ್ತದೆ. ಗಂಡಿನ ಕಡೆಯೋರು ಹೊಸಬ್ರು. ನಿನ್ ಮದ್ವೆ ಇಚಾರ ಎತ್ತಿ ಏನಾರ ಅಂದಾರು ಅಂತ ಎದೇಲಿ ಒಂದ್ ಅಳುಕೂ ಇತ್ತು. ಎರಡೂ ಇತ್ತು ಕಣವ್ವ. ಯಾವ್ದು ಎಷ್ಟಿತ್ತು ಅಂತ ನಂಗೇ ಗೊತ್ತಿಲ್ಲ."

ಇನ್ನೇನು ಅಕ್ಕ ಚೀಲ ಎತ್ತಿಕೊಂಡು ಹೊರಡುತ್ತಾರೆ ಅಂತಲೇ ನಾನು ಅಂದುಕೊಂಡೆ. ಅವರ ಕಣ್ಣು ತುಂಬಿತ್ತು, ಆದರೆ ಕೂತಲ್ಲಿಂದ ಕದಲಲಿಲ್ಲ.

ಅಣ್ಣ ಇದ್ದಕ್ಕಿದ್ದಂತೆ ದನಿ ಏರಿಸಿದರು. "ಆದ್ರೆ ನೀನು ಬಂದೇ ಬತ್ತೀಯ ಅಂದ್ಕಂಡಿದ್ದೆ ಕಣೇ! ನಾನ್ ಬ್ಯಾಡ ಅಂದದ್ದ ಯಾವತ್ತು ಕೇಳಿದ್ದೆ ನೀನು? ಈಜಬ್ಯಾಡ ಅಂದ್ರೆ ಕೆರೆಗ್ ಬಿದ್ದೆ. ಆ ಮದ್ವೆ ಬ್ಯಾಡ ಅಂದ್ರೆ ಮಾಡ್ಕಂಡೆ. ಜನ್ಮದಲ್ಲಿ ಇದೊಂದ್ ಬ್ಯಾಡನ ಕೇಳ್ಬುಟ್ಯಲ್ಲ!"

ಒಳಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮೆಲ್ಲಗೆ ಅಂದರು, "ಧಾರೆ ಹೊತ್ನಲ್ಲೂ ಬಾಗ್ಲು ಕಡೇನೇ ನೋಡ್ತಿದ್ರು. ಪುರೋಹಿತ್ರು ಎರಡ್ ಸತಿ ಕೂಗ್ಬೇಕಾಯ್ತು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳು, ನಗು ಎರಡೂ ಒಟ್ಟಿಗೇ ಬಂದದ್ದರಿಂದ ಯಾವುದೂ ಸರಿಯಾಗಿ ಹೊರಗೆ ಬರಲಿಲ್ಲ. ಅಣ್ಣ ಕಣ್ಣು ಒರೆಸಿಕೊಳ್ಳಲು ಹೋಗಿ ರೆಪ್ಪೆಗೂ ಹತ್ತಿ ಮೆತ್ತಿಕೊಂಡರು. ಅಕ್ಕ ಎದ್ದು ಹೋಗಿ, ಚಿಕ್ಕ ಮಗುವಿಗೆ ಮಾಡುವ ಹಾಗೆ, ಉಗುರ ತುದಿಯಲ್ಲಿ ಅದನ್ನು ತೆಗೆದರು. ಅಣ್ಣ ಕಣ್ಣು ಮುಚ್ಚಿ ಮುಖ ಒಡ್ಡಿ ಕೂತಿದ್ದರು. ಆ ಎರಡು ನರೆತ ತಲೆಗಳನ್ನು ಅವರ ಪಾಡಿಗೆ ಬಿಡಬೇಕು ಅನ್ನಿಸಿತು. ನಾನು ಎದ್ದು ಹಿತ್ತಲಿಗೆ ಹೋಗಿ ದನಗಳನ್ನು ನೋಡುವವಳ ಹಾಗೆ ನಿಂತೆ.

ಮತ್ತೆ ಒಳಗೆ ಬರುವ ಹೊತ್ತಿಗೆ ಮಗು ಅಕ್ಕನ ಮಡಿಲಲ್ಲಿತ್ತು. ಕೂಸಿಗೆ ಸ್ನಾನದ ನೀರು ಹಾಕುತ್ತಿದ್ದ ಊರಿನ ಮುದುಕಿ ಕಾಲು ಉಳುಕಿಸಿಕೊಂಡು ಬರುತ್ತಿಲ್ಲವೆಂದು ಅತ್ತಿಗೆ ಹೇಳುತ್ತಿದ್ದರು. "ನಾನ್ ಇಲ್ವಾ? ಹತ್ ದಿನ ಇದ್ದು ನೀರ್ ಹಾಕ್ಬುಟ್ಟೇ ಹೋಗ್ತೀನಿ" ಅಂದರು ಅಕ್ಕ. ಆಮೇಲೆ ಕೆಲಸದ ನೆನಪಾಗಿ ಮೊಬೈಲು ತೆಗೆದು ಬಿಳೀ ಅಜ್ಜಿಗೆ ಫೋನು ಹಚ್ಚಿದರು. "ಮೇಡಂ, ಐ ಕ್ಯಾನಾಟ್ ಕಮ್. ಬ್ರದರ್ ಹೌಸ್. ಸ್ಮಾಲ್ ಬೇಬಿ." ಆ ಕಡೆಯಿಂದ ಅಜ್ಜಿ ಖುಷಿಯಿಂದ ಕೂಗಿದ್ದು ನನಗೂ ಕೇಳಿಸಿತು. ದೆನ್ ಯು ಮಸ್ಟ್ ನಾಟ್ ಕಮ್! ಅಕ್ಕ ಗಾಬರಿಯಾಗಿ ನನ್ನ ಮುಖ ನೋಡಿದರು. ಆ ಕಡೆ ಅಜ್ಜಿ ನಗುವುದು ಕೇಳಿಸುತ್ತಲೇ ಇತ್ತು. ಪ್ರೀತಿ ಇದ್ದವರು ಮಸ್ಟ್ ನಾಟನ್ನೂ ಹೀಗೆ ಹೇಳಬಹುದು ಅನ್ನುವುದನ್ನು ನಾನು ಮೆಟ್ಟಿಲ ಮೇಲೆ ಹೇಳಿಕೊಟ್ಟಿರಲಿಲ್ಲ. ಹೆದರಬೇಡಿ ಅನ್ನುವಂತೆ ತಲೆ ಆಡಿಸಿದೆ. "ತ್ಯಾಂಕ್ಯೂ ಮೇಡಂ" ಎಂದು ಅಕ್ಕ ಫೋನು ಇಟ್ಟರು.

ಹೊತ್ತು ಇಳಿಯುವ ಮುಂಚೆ ನಾನೊಬ್ಬಳೇ ಹೊರಟೆ. ಅಣ್ಣನೇ ಬೈಕಿನಲ್ಲಿ ಕೋಟೆ ಬಸ್ ಸ್ಟ್ಯಾಂಡಿನ ತನಕ ಬಿಟ್ಟರು. ದಾರಿಯಲ್ಲಿ ಒಂದೇ ಮಾತು ಕೇಳಿದ್ದು. "ಅವಳ ಗಂಡ ಚೆನ್ನಾಗ್ ನೋಡ್ಕತಾನಾ ಮೇಡಂ?" ಹೌದು ಅಂದೆ. "ಗೊತ್ತು. ಆದ್ರೂ ಕೇಳ್ದೆ" ಅಂದರು.

ಆ ವಾರ ಶಾಲೆಯಲ್ಲಿ ಅದೇ ಪಾಠ ಬಂತು. ಪುಸ್ತಕದಲ್ಲಿದ್ದ ಉದಾಹರಣೆಗಳನ್ನು ಓದಿದೆ. ಆಮೇಲೆ ಪುಸ್ತಕ ಮುಚ್ಚಿ, ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಏನು ಬೇಡ ಅಂದರು, ಯಾಕೆ ಅಂದರು, ಕೇಳಿಕೊಂಡು ಬನ್ನಿ ಅಂದೆ. ಮಾರನೇ ದಿನ ಒಬ್ಬ ಹುಡುಗಿ, "ನಮ್ಮಜ್ಜಿ ಔಷಧಿ ಬ್ಯಾಡ ಅಂತದೆ ಮಿಸ್, ಯಾಕೆ ಅಂದ್ರೆ ಹೇಳಕಿಲ್ಲ" ಅಂದಳು. ಸೀಮೆಸುಣ್ಣ ಕೆಳಗಿಟ್ಟು, ಅಜ್ಜಿಯ ಪಕ್ಕ ಕೂತು ಇನ್ನೊಂದು ಸಲ ಕೇಳು ಅಂದೆ.

ಅಕ್ಕ ಹತ್ತು ದಿನ ಅಂದವರು ತಿಂಗಳು ಕಳೆದು ಬಂದರು. ಸಂಕ್ರಾಂತಿಗೆ ಮುಂಚೆ ಒಂದು ಭಾನುವಾರ ಅವರ ಅಣ್ಣ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಪಿರಿಯಾಪಟ್ಟಣಕ್ಕೆ ಬಂದರು. ಈ ಮನೆಯ ಹೊಸ್ತಿಲು ಅವರು ದಾಟಿದ್ದು ಅದೇ ಮೊದಲು. ಭಾವ ಭಾವಮೈದ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚೀಲ ಸುರಿದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಸೊನೆಯ ವಾಸನೆ ಬೀದಿಗೆಲ್ಲ ಹಬ್ಬುವ ಹಾಗೆ ಅವರೆಕಾಯಿ ಸುಲಿದರು. ಅಷ್ಟೂ ಕಾಯಿ ಮುಗಿಯುವ ತನಕ ಡೀಸೆಲ್ ರೇಟು, ಉಳುಮೆ ರೇಟು ಬಿಟ್ಟು ಬೇರೆ ಮಾತಿಲ್ಲ.

ಊಟವಾಗಿ ಹೊರಡುವ ಹೊತ್ತಿಗೆ ಅಕ್ಕನ ಗಂಡ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದರು. ಬಸ್ ಸ್ಟ್ಯಾಂಡು ನಡೆದರೆ ಸಿಗುವಷ್ಟು ಹತ್ತಿರ. ಆದರೂ ಅಣ್ಣ ಪಂಚೆ ಎತ್ತಿ ಕಟ್ಟಿ, ಹಿಂದಿನ ಗಾಲಿಯ ಮೇಲಿನ ಮಡ್‌ಗಾರ್ಡ್ ಹತ್ತಿ ಕೂತು, ಒಂದು ಕೈಯನ್ನು ಭಾವಮೈದನ ಹೆಗಲ ಮೇಲೆ ಊರಿಕೊಂಡರು. ಗಾಡಿ ಬೀದಿಯ ಗುಂಡಿಗಳಲ್ಲಿ ಎದ್ದು ಬಿದ್ದು ಸಾಗಿತು. ಅಕ್ಕ ಬಾಗಿಲಲ್ಲಿ ನಿಂತು, "ನಿಧಾನಕ್ ಓಡ್ಸಿ, ನಮ್ಮಣ್ಣನ್ನ ಬೀಳಿಸ್ಬುಟ್ಟೀರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಅವರು ತಿರುವಿನಲ್ಲಿ ಮರೆಯಾಗುವ ತನಕ ನಗುತ್ತಲೇ ಇದ್ದರು.